ಹತ್ತಿ ಜಿನ್ನಿನ ಕಿಟಕಿ

ಶಲವಡಿ ರಸ್ತೆಯ ಹಳೆಯ ಹತ್ತಿ ಜಿನ್ನನ್ನು ಸೋಮವಾರ ಕೆಡವುತ್ತಾರೆಂದು ಗೊತ್ತಾದ ಮೇಲೆ, ರವಿವಾರ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ನನಗೆ ಬೇಕಾಗಿದ್ದು ಒಂದೇ ಫೋಟೋ: ಅಲ್ಲಿನ ಕಿಟಕಿಯ ಸರಳುಗಳ ನಡುವೆ ಅವ್ವನ ಕೈ.

ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರದ ಮುಂದೆ ಅವ್ವ ಹನ್ನೊಂದು ವರ್ಷ ದುಡಿದಿದ್ದಳು. ಯಾರೂ ಸೀರೆಯಲ್ಲಿ ಹತ್ತಿ ಬಚ್ಚಿಟ್ಟುಕೊಂಡು ಹೋಗಬಾರದೆಂದು, ಪಾಳಿ ಮುಗಿಯುವವರೆಗೆ ಬಾಗಿಲಿಗೆ ಹೊರಗಿನಿಂದ ಚಿಲಕ. ಮಧ್ಯಾಹ್ನ ಅಜ್ಜಿ ನನ್ನನ್ನು ಕಿಟಕಿಗೆ ಎತ್ತಿ ಹಿಡಿಯುತ್ತಿದ್ದಳು. ಒಳಗೆಲ್ಲ ಕತ್ತಲು, ಧೂಳು, ಮುಖ ಕಾಣುತ್ತಿರಲಿಲ್ಲ. ಒಂದು ಕೈ ಬಂದು ರೊಟ್ಟಿಯ ಚೂರು ಬಾಯಿಗಿಟ್ಟು ಹಿಂದೆ ಸರಿಯುತ್ತಿತ್ತು. ಅವ್ವ ನನ್ನನ್ನು ನೋಡುವುದೇ ಇಲ್ಲ ಎಂದು ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ಪೂರ್ತಿ ಹೋಗಿತ್ತೆಂದು ಹೇಳಲಾರೆ.

ಬಾಗಿಲು ಕಂಡ ಮೇಲೆ ಅವ್ವ ಹೆಜ್ಜೆ ಕಿತ್ತಿಡಲಿಲ್ಲ. ಒಳಗೆ ಬರಲು ಒಲ್ಲೆ ಅಂದಳು. ಎರಡೇ ನಿಮಿಷ ಎಂದೆ, ನಾಳೆ ಗೋಡೆಯೇ ಇರುವುದಿಲ್ಲ ಎಂದೆ, ಇಷ್ಟು ದೂರ ಬಂದದ್ದು ದಂಡವೆಂದು ಗೊಣಗಿದೆ. ಕೊನೆಗೆ ಬೆಳಕು ಹೇಗಿದೆ ನೋಡೋಣವೆಂದು ನಾನೊಬ್ಬಳೇ ಹೋದೆ. ಹಿಂದೆ ಬಾಗಿಲು ಮುಚ್ಚಿತು. ಚಿಲಕ ಕಿರ್ರೆಂದು ಬಿತ್ತು.

ಗಾಳಿ ಇರಬೇಕು ಅಂದುಕೊಂಡೆ. ಗಾಳಿ ಎಲ್ಲಾದರೂ ಚಿಲಕ ಹಾಕುತ್ತದೆಯೇ? ತಳ್ಳಿದೆ, ಗುದ್ದಿದೆ. ತಗಡಿನ ಛಾವಣಿ ಕಾದು ಉಸಿರು ಕಟ್ಟಿತು. ಯಂತ್ರಗಳನ್ನು ಎಂದೋ ಒಯ್ದಿದ್ದರು, ಧೂಳನ್ನು ಮಾತ್ರ ಯಾರೂ ಒಯ್ದಿರಲಿಲ್ಲ. ಆಗ ಇಲ್ಲಿರುತ್ತಿದ್ದ ಹತ್ತಿಯ ರಾಶಿಗೆ ಒಂದು ಕಿಡಿ ಬಿದ್ದಿದ್ದರೆ ಒಳಗೆ ದುಡಿಯುತ್ತಿದ್ದ ಹೆಂಗಸರು ಎಲ್ಲಿಗೆ ಓಡಬೇಕಿತ್ತು? ನಲವತ್ತು ದಾಟಿದ ನಾನು ಸಣ್ಣ ಹುಡುಗಿಯಂತೆ ಅವ್ವನನ್ನು ಕೂಗಿದೆ.

ಅವಳು ಕಿಟಕಿಯ ಹೊರಗೆ ಬಿಸಿಲಲ್ಲಿ ಬಂದು ನಿಂತಳು. ಗದ್ದದ ಹಚ್ಚೆ, ಹುಬ್ಬಿನ ಮೇಲಿನ ಬೆವರು, ಎಲ್ಲ ನಿಚ್ಚಳವಾಗಿತ್ತು. ಅವಳು ಮಾತ್ರ ಕಣ್ಣು ಕಿರಿದು ಮಾಡಿ ನನ್ನನ್ನು ಹುಡುಕುತ್ತಿದ್ದಳು.

"ನಾ ಕಾಣ್ತೀನೇನು ನಿನಗ?"

"ಅಗದಿ ಚಲೋ ಕಾಣ್ತಿ. ಬಾಗಿಲಾ ತಗಿಬೇ, ಯವ್ವಾ."

"ನನಗೂ ನೀ ಹಿಂಗ ಕಾಣ್ತಿದ್ದಿ," ಅಂದಳು. "ದಿನಾ. ನೀ ಅಳೂದು ಸೈತ."

ನಾನು ಸರಳುಗಳ ನಡುವೆ ಕೈ ಚಾಚಿದೆ. ಅವಳು ಹಿಡಿದುಕೊಂಡಳು, ಆಮೇಲೆ ಬಿಟ್ಟು ತಾನೇ ಹಾಕಿದ್ದ ಚಿಲಕ ತೆಗೆಯಲು ಹೊರಟಳು. ಅವಳು ಅತ್ತ ತಿರುಗುವ ಮೊದಲು ತೆಗೆದ ಒಂದು ಫೋಟೋ ಮಾತ್ರ ಆ ಜಿನ್ನಿನ ಗುರುತಾಗಿ ನನ್ನ ಹತ್ತಿರ ಇದೆ. ಅದರಲ್ಲಿ ಕಟ್ಟಡವೇ ಇಲ್ಲ. ಸರಳುಗಳಾಚೆ ಅವ್ವ ನಿಂತಿದ್ದಾಳೆ, ನಾನು ಎಲ್ಲಿದ್ದೇನೆಂದು ಕಾಣದೆ ಕತ್ತಲನ್ನೇ ನೋಡುತ್ತಿದ್ದಾಳೆ.