ಎಲ್ಲರಿಗಿಂತ ಮೊದಲು ಇಳಿದ ಬೆಣ್ಣೆಯಕ್ಕ

ಸಿಟಿ ಬಸ್ಸಿನ ಡಿಪೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಬ್ರೇಕ್ ಹಾಕಿದರೆ ಕಂಬಿ ಹಿಡಿಯದೆ ನಿಂತವರೂ ಅಲುಗಾಡುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಬೆಣ್ಣೆಯಕ್ಕ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಓದಿಸಿದ್ದು ಎಲ್ಲ ಆ ಸ್ಟೇರಿಂಗ್ ಹಿಡಿದೇ.

ಡ್ರೈವರ್ ಎಂದರೆ ಬಸ್ಸಿನಿಂದ ಕಟ್ಟಕಡೆಗೆ ಇಳಿಯುವ ಜೀವ. ಪ್ರಯಾಣಿಕರೆಲ್ಲ ಹೋದ ಮೇಲೆ ಸೀಟಿನಡಿ ಬಗ್ಗಿ ನೋಡಬೇಕು, ಯಾರೋ ಮರೆತ ಕೊಡೆಯನ್ನೋ ಊಟದ ಡಬ್ಬಿಯನ್ನೋ ಎತ್ತಿಡಬೇಕು, ಕಿಟಕಿ ಮುಚ್ಚಬೇಕು. ಅಷ್ಟೆಲ್ಲ ಮುಗಿಸಿ ಏದುಸಿರು ಬಿಡುತ್ತ ಓಡಿದರೆ ಶಾಲೆಯಲ್ಲಿ ಮಗಳ ನಾಟಕ ಮುಗಿದು ಪರದೆ ಬಿದ್ದಿರುತ್ತಿತ್ತು. ಒಡಹುಟ್ಟಿದ ತಂಗಿಯ ಮದುವೆಯ ಫೋಟೋದಲ್ಲೂ ಅವಳಿಲ್ಲ.

ನಿವೃತ್ತಿಯ ದಿನ ಡಿಪೋದವರೆಲ್ಲ ಸೇರಿ ಹಡಗಿನ ಪ್ರವಾಸದ ಎರಡು ಟಿಕೆಟ್ ಕೈಗಿಟ್ಟರು. ಮಾಮೂಲಿ ಟಿಕೆಟ್ ಅಲ್ಲ, ಪ್ರಯಾರಿಟಿ. ಹತ್ತುವಾಗಲೂ ಇಳಿಯುವಾಗಲೂ ಇವರೇ ಮೊದಲು.

"ಊರವರನ್ನೆಲ್ಲ ಮುಂದೆ ಇಳಿಸಿದ್ದು ಸಾಕು ಬೆಣ್ಣೆಯಕ್ಕ. ಇನ್ನು ನೀವು ಇಳೀರಿ" ಎಂದ ಮೆಕ್ಯಾನಿಕ್.

ಮಗಳೂ ಅದೇ ಡಿಪೋಗೆ ಡ್ರೈವರಾಗಿ ಸೇರಿ ತರಬೇತಿಯಲ್ಲಿದ್ದಳು, ರಜೆ ಸಿಗಲಿಲ್ಲ. ಜೊತೆಗೆ ತಂಗಿ ಹೊರಟಳು. ತಂಗಿ ಶಾಲೆಯ ಟೀಚರು, ಮಹಾ ಸಂಕೋಚದ ಹೆಂಗಸು. ಬಂದರಿನಲ್ಲಿ ಹನುಮಂತನ ಬಾಲದಷ್ಟು ಉದ್ದದ ಸಾಲು. ಪಕ್ಕದಲ್ಲೇ ಇವರಿಗೆಂದು ಬೇರೆ ಬಾಗಿಲು, ಅಲ್ಲಿ ನರಪಿಳ್ಳೆಯೂ ಇಲ್ಲ.

"ಅಕ್ಕಾ, ಎಲ್ಲರೂ ನುಂಗೋ ಹಾಗೆ ನೋಡ್ತಿದ್ದಾರೆ ಕಣೇ. ಸಾಲಲ್ಲೇ ನಿಂತ್ಕೊಳ್ಳೋಣ."

"ನೋಡ್ಲಿ ಬಿಡು. ನೋಡಿದ್ರೆ ನಾವೇನು ಸವೀತೀವಾ?"

ಸಾಲಿನಲ್ಲಿದ್ದ ಒಬ್ಬರು ಕೇಳುವಂತೆಯೇ ಗೊಣಗಿದರು: "ಇವರೇನು ಮಹಾರಾಣಿಯರಾ?"

"ಅಲ್ಲಣ್ಣ, ಬಸ್ ಡ್ರೈವರ್" ಎಂದು ನಕ್ಕು, ಬೆಣ್ಣೆಯಕ್ಕ ತಲೆಯೆತ್ತಿ ಒಳಗೆ ನಡೆದಳು.

ಸಮುದ್ರದ ಮೇಲೆ ದಿನಗಳು ಹೋದದ್ದೇ ತಿಳಿಯಲಿಲ್ಲ. ಕೊನೆಯ ಸಂಜೆ ಮಗಳ ಫೋನು ಬಂತು.

"ಅಮ್ಮಾ, ನಾಳೆ ಬೆಳಿಗ್ಗೆ ನನ್ನ ಮೊದಲನೇ ಟ್ರಿಪ್! ಎಲ್ಲಿಂದ ಗೊತ್ತಾ? ಬಂದರಿನ ಗೇಟಿಂದ! ನಿನ್ನ ಹಡಗು ಅಷ್ಟೊತ್ತಿಗೆ ಬಂದಿರುತ್ತಲ್ಲ? ಬೇಕಾದ್ರೆ ಸ್ವಲ್ಪ ನಿಲ್ಸಿರ್ಲಾ?"

"ಯಾರಿಗೋಸ್ಕರಾನೂ ನಿಲ್ಲಿಸಬೇಡ. ಹೆತ್ತಮ್ಮ ಆದ್ರೂ ಅಷ್ಟೇ. ನಾನೇ ಬರ್ತೀನಿ."

ಬೆಳಗಾದರೆ ದಟ್ಟ ಮಂಜು. ಹಡಗು ಆಮೆಯಂತೆ ತೆವಳಿ ದಡ ಮುಟ್ಟುವಷ್ಟರಲ್ಲಿ ತುಂಬ ತಡವಾಗಿತ್ತು, ಮಗಳ ಬಸ್ಸು ಹೊರಡಲು ಸ್ವಲ್ಪವೇ ಹೊತ್ತು ಉಳಿದಿತ್ತು. ಸಾವಿರಾರು ಜನ ಇಳಿಯಬೇಕು. ಸಾಲು ಹಿಡಿದರೆ ಮಧ್ಯಾಹ್ನವೇ. ಪ್ರಯಾರಿಟಿಯವರ ಕೋಣೆಯಲ್ಲಿ ಕೊಟ್ಟ ಕಾಫಿಯನ್ನು ಬೆಣ್ಣೆಯಕ್ಕ ಮುಟ್ಟಲಿಲ್ಲ. ಮುಳ್ಳಿನ ಮೇಲೆ ಕೂತವಳಂತೆ ಬಾಗಿಲನ್ನೇ ನೋಡುತ್ತಿದ್ದಳು. ಕಡೆಗೂ ಹಡಗಿನ ಸಿಬ್ಬಂದಿಯ ಹುಡುಗಿ ಬಂದು, "ಬನ್ನಿ, ಮೊದಲು ನೀವು" ಎಂದಳು.

ಆದರೆ ಹೊರಗೆ ಓಣಿಯಂಥ ದಾರಿಯ ತುಂಬ ಜನ ಪೆಟ್ಟಿಗೆ ಸಮೇತ ಮೊದಲೇ ಬಂದು ನಿಂತುಬಿಟ್ಟಿದ್ದರು. ಆ ಹುಡುಗಿ "ದಯವಿಟ್ಟು, ದಯವಿಟ್ಟು" ಎನ್ನುತ್ತಿದ್ದಳು. ಯಾರೂ ಜಪ್ಪಯ್ಯ ಅನ್ನಲಿಲ್ಲ. ತಂಗಿ, "ಹೋಗ್ಲಿ ಬಿಡೇ ಅಕ್ಕಾ" ಎಂದಳು.

ಬೆಣ್ಣೆಯಕ್ಕ ಎದೆ ತುಂಬ ಉಸಿರೆಳೆದುಕೊಂಡಳು.

"ರೀ, ಬಾಗಿಲ ಹತ್ರ ಯಾಕ್ರೀ ನಿಂತಿದ್ದೀರಾ? ಹಿಂದೆ ಜಾಗ ಇದೆ, ಹಿಂದಕ್ಕೆ ಸರೀರಿ! ಹಳದಿ ಶರ್ಟು, ನಿಮಗೇ ಹೇಳ್ತಿರೋದು! ಬ್ಯಾಗ್ ಕೆಳಗಿಡಿ, ದಾರಿ ಬಿಡಿ!"

ಅದು ಸಂಜೆಯ ಕಿಕ್ಕಿರಿದ ಬಸ್ಸನ್ನು ಪಳಗಿಸಿದ ಗಂಟಲು. ಜನ ಯಾಕೆ, ಏನು ಎಂದು ಕೇಳಲೇ ಇಲ್ಲ. ಹಳದಿ ಶರ್ಟು ಬೆಚ್ಚಿ ಗೋಡೆಗೆ ಅಂಟಿಕೊಂಡಿತು. ಮಿಕ್ಕವರು ಸರಸರ ಹಿಂದೆ ಸರಿದರು. ಸಿಬ್ಬಂದಿಯ ಹುಡುಗಿ ಕಣ್ಣರಳಿಸಿ ನೋಡುತ್ತಿರುವಾಗಲೇ ಬೆಣ್ಣೆಯಕ್ಕ ತಂಗಿಯ ಕೈ ಹಿಡಿದೆಳೆದುಕೊಂಡು ದಾಟಿಬಿಟ್ಟಳು. ಅಷ್ಟು ದೊಡ್ಡ ಹಡಗಿನಿಂದ ಅಂದು ನೆಲಕ್ಕೆ ಬಿದ್ದ ಮೊದಲ ಹೆಜ್ಜೆ ಅವಳದು. ಇವರ ಪೆಟ್ಟಿಗೆಗಳನ್ನೂ ಎಲ್ಲಕ್ಕಿಂತ ಮೊದಲೇ ಇಳಿಸಿಟ್ಟಿದ್ದರು. ಎತ್ತಿಕೊಂಡವಳೇ ಓಟ ಕಿತ್ತಳು.

"ಅಕ್ಕಾ, ನಿಧಾನ! ನನ್ನ ಚಪ್ಪಲಿ!"

"ಕೈಯಲ್ಲಿ ಹಿಡ್ಕೊಂಡು ಬಾರೇ!"

ಟೀಚರಮ್ಮ ಸಂಕೋಚವನ್ನೆಲ್ಲ ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಗೇಟಿನಾಚೆ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಸ್ಟೇರಿಂಗ್ ಹಿಂದೆ ಹೊಸ ಸಮವಸ್ತ್ರದಲ್ಲಿ ಮಗಳು. ಬಾಗಿಲು ಮುಚ್ಚುವ ಗುಂಡಿಯ ಮೇಲೆ ಅವಳ ಬೆರಳಿತ್ತು. ಅಮ್ಮ ಮೆಟ್ಟಿಲು ಹತ್ತಿದ್ದನ್ನು ಕಂಡು ಅವಳ ಮುಖ ಊರಗಲವಾಯಿತು.

"ಬಂದೇಬಿಟ್ಯಾ!"

"ಬರ್ದೆ ಇರ್ತೀನಾ? ಹೊರಡು, ಟೈಮಾಯ್ತು."

ಹಿಂದೆಯೇ ತಂಗಿಯೂ ಹತ್ತಿದಳು, ಬಸ್ಸು ಹೊರಟಿತು. ಬೆಣ್ಣೆಯಕ್ಕ ಮುಂದಿನ ಸೀಟಿನಲ್ಲಿ ಕೂತು ಉಸಿರು ಸುಧಾರಿಸಿಕೊಂಡಳು. ಮೊದಲ ತಿರುವು ಬರುತ್ತಲೇ ತಡೆಯಲಾಗಲಿಲ್ಲ.

"ಎಡಗಡೆ ಸೈಕಲ್ ಬರ್ತಿದೆ, ನೋಡ್ಕೊಂಡು..."

"ಡ್ರೈವರ್ ಜೊತೆ ಮಾತಾಡಬೇಡಿ ಅಂತ ಬೋರ್ಡ್ ಹಾಕಿದೆ. ಓದೋಕೆ ಬರಲ್ವಾ ಅಮ್ಮಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬೆಣ್ಣೆಯಕ್ಕ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಜ್ಜಿಯ ಮೊಣಕೈ ತಿವಿದು, "ನನ್ನ ಮಗಳು ಕಣ್ರೀ" ಎಂದಳು.