ಹೆಲ್ಮೆಟ್ ಹಿಡಿದ ಕೈ

ಮೊದಲು ಫಹ್ಮಿದಾಳ ತೋಳುಗಳ ಬಗ್ಗೆ ಹೇಳಿಬಿಡಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳೆದ ತೋಳುಗಳು ಅವು. ಶಾಲೆಗೆ ಹೋಗುವ ಮೊದಲು ಕಾದ ಮರಳನ್ನು ಜರಡಿ ಹಿಡಿದು, ಶಾಲೆಯಿಂದ ಬಂದ ಮೇಲೆ ಚೀಲ ಎತ್ತಿ ಗಟ್ಟಿಯಾದವು. ಆದರೆ ಯಾರ ಮೇಲೂ ಎದ್ದವಲ್ಲ. ಮಗ ಉಜೈರ್ ಚಿಕ್ಕವನಿದ್ದಾಗ ಅಕ್ಕಿ ಡಬ್ಬಿಗೆ ನೀರು ಸುರಿದ ದಿನವೂ ಅವನಿಗೊಂದು ಏಟು ಬಿದ್ದಿರಲಿಲ್ಲ. ಐವತ್ತು ಹತ್ತಿರವಾದ ಹೆಂಗಸು, ನೆದರ್‌ಲ್ಯಾಂಡ್ಸಿನ ಒಂದು ಕಾಲುವೆಯ ದಡದಲ್ಲಿ ಒಬ್ಬ ಗಂಡಸಿನ ಹಲ್ಲು ಉದುರಿಸುತ್ತಾಳೆ ಎಂದು ಯಾರಾದರೂ ಮುಂಚೆ ಹೇಳಿದ್ದರೆ ಅವಳೇ ಬಿದ್ದು ಬಿದ್ದು ನಗುತ್ತಿದ್ದಳು.

ಗಂಡ ಗಫೂರ್ ಆ ದೇಶದ ರೈಸ್‌ವೈಕ್ ಊರಿನ ಒಂದು ಆಫೀಸಿನಲ್ಲಿ ಎಂಜಿನಿಯರ್. ಒಳ್ಳೆಯವನು. ಕಾಲು ತುಳಿದವರಿಗೂ ತಾನೇ ಸಾರಿ ಹೇಳುವಷ್ಟು ಒಳ್ಳೆಯವನು. ಅದಕ್ಕಾಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ. ಕಣ್ಣಿನೊಳಗೆ ಒತ್ತಡ ಏರಿ ಅವನ ಬಲಗಣ್ಣು ಪೂರಾ ಹೋಗಿತ್ತು. ಎಡಗಣ್ಣೊಂದು ಉಳಿದಿತ್ತು. ಅದನ್ನು ಜೋಪಾನ ಮಾಡಿಕೊಳ್ಳಿ, ಸಣ್ಣ ಪೆಟ್ಟೂ ಬೀಳಬಾರದು, ಸ್ಕೂಟರ್ ಓಡಿಸುವುದಂತೂ ಬೇಡವೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಗಫೂರ್ ಬೇಸರದಿಂದ ಸ್ಕೂಟರ್ ಮಾರಲು ಹೊರಟ.

"ಮಾರೋದು ಯಾಕ್ರೀ? ನಾನು ಹೊಡೀತೀನಿ. ನೀವು ಹಿಂದೆ ಕುಂತ್ಕಳ್ರಿ," ಎಂದಳು ಫಹ್ಮಿದಾ.

ಎರಡು ಸಲ ಫೇಲಾಗಿ ಮೂರನೇ ಸಲ ಲೈಸೆನ್ಸ್ ತಂದಳು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಇಲ್ಲಿಯ ಬೇಸಿಗೆ ಬರುವುದೇ ತಡವಾಗಿ, ಬಂದರೂ ಚಪ್ಪಲಿ ಬಿಡದ ನೆಂಟನ ಹಾಗೆ ಬಾಗಿಲಲ್ಲೇ ನಿಂತು ಮಾತಾಡಿಸಿ ಹೊರಟುಬಿಡುತ್ತದೆ. ಅದಕ್ಕೇ ಬಿಸಿಲು ಬಿದ್ದ ದಿನ ಇಬ್ಬರೂ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮಂಡಕ್ಕಿ, ಈರುಳ್ಳಿ, ಬಿಸಿ ಮೆಣಸಿನಕಾಯಿ ಬಜ್ಜಿ ಡಬ್ಬಿಗೆ ತುಂಬಿಕೊಂಡು, ಕಾಲುವೆಯ ಪಕ್ಕದ ಸೈಕಲ್ ದಾರಿ ಹಿಡಿದು ಪಕ್ಕದೂರು ಡೆಲ್ಫ್ಟ್‌ನ ಕೆರೆಗೆ ಹೋಗುವುದು, ಹುಲ್ಲಿನ ಮೇಲೆ ಕಾಲು ಚಾಚಿ ತಿನ್ನುವುದು, ಸಂಜೆ ವಾಪಸ್. ಫಹ್ಮಿದಾಳ ಕಣ್ಣು ದಾರಿಯ ಮೇಲೆಯೇ ಇರಬೇಕಲ್ಲ, ಹಿಂದಿನಿಂದ ಗಫೂರ್ ವರದಿ ಒಪ್ಪಿಸುತ್ತಿದ್ದ: "ಎಡಗಡೆ ಕೊಕ್ಕರೆ. ದೋಣಿ ಮ್ಯಾಲೆ ನಾಯಿ ನಿಂತೈತಿ, ಟೋಪಿ ಹಾಕ್ಕಂಡೈತಿ!" ಆ ಒಂದೇ ಕಣ್ಣಿನಲ್ಲಿ ಇಬ್ಬರೂ ಬೇಸಿಗೆ ನೋಡುತ್ತಿದ್ದರು. ಅವಳಿಗೆ ಅಷ್ಟು ಸಂತೋಷ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಊರಿನದೊಂದು ಅಭ್ಯಾಸ ಮಾತ್ರ ಅವಳ ಹೆಬ್ಬೆರಳಿನಲ್ಲಿ ಉಳಿದುಬಿಟ್ಟಿತ್ತು. ಅವಳ ಅಬ್ಬಾ ಲೂನಾ ಮೇಲೆ ಮಂಡಕ್ಕಿ ಚೀಲ ಪೇರಿಸಿಕೊಂಡು ಪ್ರತಿ ತಿರುವಿನಲ್ಲೂ ಪೀಂ ಪೀಂ ಮಾಡುತ್ತಿದ್ದರು. ಬಂದೆ, ಸ್ವಲ್ಪ ಸರೀರಿ ಅಂತ ಅದರ ಅರ್ಥ. ಮರ್ಯಾದೆಯ ಮಾತು ಅದು. ಈ ದೇಶದಲ್ಲಿ ಅದೇ ಸದ್ದು ಬೈಗುಳ. ಗಫೂರ್ ಎಷ್ಟು ಹೇಳಿದರೂ ತಿರುವು ಬಂತೆಂದರೆ ಆ ಹೆಬ್ಬೆರಳು ತಾನಾಗಿ ಒತ್ತಿಬಿಡುತ್ತಿತ್ತು.

ಆ ಜೂನ್ ಭಾನುವಾರ ವಾಪಸ್ ಬರುವಾಗಲೂ ಒತ್ತಿತು. ಮುಂದೆ ಸೈಕಲ್ ಮೇಲೆ ಒಬ್ಬ ದಾಂಡಿಗ, ಬಿಸಿಲಿಗೂ ಬಿಯರಿಗೂ ಮುಖ ಕೆಂಪೇರಿ ಓಲಾಡಿಕೊಂಡು ಹೋಗುತ್ತಿದ್ದ. ಪೀಂ ಪೀಂ ಕೇಳಿ ಬೆಚ್ಚಿಬಿದ್ದು, ಸೈಕಲ್ ಸಮೇತ ಪಕ್ಕದ ತುರಚಿ ಗಿಡಗಳೊಳಗೆ ಉರುಳಿದ. ಅರ್ಧ ಬರಿಮೈ ಬೇರೆ. ಫಹ್ಮಿದಾ ನಿಲ್ಲಿಸಿ ಸಾರಿ ಎಂದಳು. ಅವನು ಕೂಗಿದ ರೀತಿ ಕೇಳಿ ಗಫೂರ್ ಅವಳ ಬೆನ್ನು ತಟ್ಟಿದ.

"ಕುಡದಾನ. ನಡಿ, ನಡಿ."

ಹೊರಟರು. ನಿಲ್ಲದೆ ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದಿನ ಸೇತುವೆಯ ಗಂಟೆ ಹೊಡೆಯಿತು, ಅಡ್ಡಗಂಬ ಇಳಿಯಿತು, ಎತ್ತರದ ದೋಣಿಯೊಂದಕ್ಕೆ ದಾರಿ ಬಿಡಲು ಸೇತುವೆ ಮೇಲೇಳತೊಡಗಿತು. ಬೇಸಿಗೆಯಲ್ಲಿ ಇದು ದಿನದ ಪಾಡು. ಸೈಕಲ್ಲಿನವರು, ನಡೆಯುವವರು ಎಲ್ಲ ಬಂದು ಸಾಲು ನಿಂತರು. ಸೆಖೆಗೆ ಗಫೂರ್ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ದೋಣಿ ಒಳಗೆ ಒಬ್ಬಾಕಿ ಬಟ್ಟೆ ಒಣಹಾಕ್ಯಾಳ ನೋಡು," ಎನ್ನುತ್ತಿದ್ದ. ಅದೇ ಅವನ ಕೊನೆಯ ವರದಿ.

ಹಿಂದಿನಿಂದ ಸೈಕಲ್ ಬಿಸಾಡಿದ ಸದ್ದಾಯಿತು. ಆ ಮನುಷ್ಯ ಗಫೂರನ ಕೊರಳಪಟ್ಟಿ ಹಿಡಿದು ಸೀಟಿನಿಂದ ಎಳೆದ. ಹಾರ್ನ್ ಒತ್ತಿದ್ದು ಹೆಂಗಸು ಎಂದು ಅಮಲಿನಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಗಫೂರ್ ಎರಡೂ ಕೈ ಎತ್ತಿ "ಸಾರಿ, ಸಾರಿ" ಎಂದ. ಮೊದಲ ಗುದ್ದು ಬಾಯಿಗೆ ಬಿತ್ತು. ಎರಡನೆಯದು ಎಡಗಣ್ಣಿಗೆ. ಹಣ್ಣು ನೆಲಕ್ಕೆ ಬಿದ್ದಂಥ ಮೆತ್ತನೆಯ ಸದ್ದು. ಗಫೂರ್ ಕುಸಿದ, ಆ ದಾಂಡಿಗ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಮತ್ತೂ ಒದ್ದ. ಸಾಲಿನಲ್ಲಿದ್ದವರು ಕೂಗಾಡಿದರು, ಫೋನ್ ಎತ್ತಿದರು, ಮುಂದೆ ಬರಲಿಲ್ಲ.

ಫಹ್ಮಿದಾ ಸ್ಕೂಟರನ್ನು ಹಾಗೇ ಬಿಟ್ಟಳು, ಅದು ದಡಾರೆಂದು ಉರುಳಿತು. ತನ್ನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ, ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಹೆಲ್ಮೆಟ್ಟನ್ನೇ ಬೀಸಿದಳು. ಅವನ ದವಡೆ ಕಟಕ್ ಎಂದಿತು. ತಿರುಗಿದವನ ಮೂಗಿಗೆ ಇನ್ನೊಂದು. ರಕ್ತ ಅವಳ ದುಪಟ್ಟಾದ ಮೇಲೆ ಸಿಡಿಯಿತು. ಅವನು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ನನಗೆ ಬೇಕಿಲ್ಲ. ಬಿದ್ದವನ ಮೇಲೂ ಬಾರಿಸಿದಳು, ಮುಖ ಮುಚ್ಚಿಕೊಂಡ ಬೆರಳುಗಳ ಮೇಲೂ ಬಾರಿಸಿದಳು.

"ಕಣ್ಣಿಗೇ ಹೊಡಿಬೇಕಿತ್ತಾ? ಆ ಕಣ್ಣೇ ಬೇಕಿತ್ತಾ ನಿಂಗೆ?"

ಒಂದೊಂದು ಮಾತಿಗೂ ಒಂದೊಂದು ಏಟು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಅವಳಿಗೆ ಆ ಗಳಿಗೆಯಲ್ಲಿ ಬೇರೆ ಯಾವ ಭಾಷೆಯೂ ಬರುತ್ತಿರಲಿಲ್ಲ. ಕೊನೆಗೆ ಗಫೂರನೇ ನೆಲದ ಮೇಲೆ ತೆವಳಿ ಬಂದು, ತಡಕಾಡಿ ಅವಳ ಕಾಲು ತಬ್ಬಿಕೊಂಡ.

"ಬಿಡು ಫಹ್ಮಿದಾ. ಸಾಯ್ತಾನ ಅವನು. ಬಿಡು."

ಅವಳು ಹಾಗೇ ಕುಸಿದು ಗಂಡನ ಮುಖ ಹಿಡಿದಳು. ಎಡಗಣ್ಣು ತೆರೆದೇ ಇತ್ತು, ಒಳಗೆಲ್ಲ ಕೆಂಪು.

"ಕಣ್ಣು? ಕಾಣ್ತತೇನ್ರೀ? ಸುಳ್ಳು ಹೇಳಬ್ಯಾಡ್ರಿ."

"ಕಾಣ್ತತಿ. ನಿನ್ನ ಮುಖ ಕಾಣ್ತತಿ. ಹೆಂಗಾಗೀದಿ ನೋಡು, ದೆವ್ವ ಹೊಕ್ಕೊಂಡಂಗೆ." ತುಟಿ ಒಡೆದಿದ್ದರೂ ನಕ್ಕ. ಅವಳು ನಂಬಿದಳು, ನಂಬಿ ಗಳಗಳ ಅತ್ತಳು. ದೂರದಲ್ಲಿ ಸೈರನ್ ಕೇಳಿಸಿತು. ಅವನು ಕೈ ಚಾಚಿದ. "ಹೆಲ್ಮೆಟ್ ಕೊಡು ಇಲ್ಲಿ. ನಾನು ಹೊಡದೆ ಅಂತೀನಿ. ನೀನು ಬಾಯಿ ಬಿಡಬ್ಯಾಡ."

ಸೇತುವೆ ಇಳಿದಿತ್ತು, ಯಾರೂ ದಾಟಿರಲಿಲ್ಲ. ಪೊಲೀಸರು ಬಂದರು. ಆ ಮನುಷ್ಯನನ್ನು ಗಫೂರನ ಬಲಕ್ಕೆ, ಅಡ್ಡಗಂಬದ ಬುಡಕ್ಕೆ ಒರಗಿಸಿ ಕೂರಿಸಿದ್ದರು, ಬಾಯಿಗೆ ಟವೆಲ್ ಒತ್ತಿದ್ದರು. ಜೀವಂತವಿದ್ದ, ಸದ್ದಿಲ್ಲದೆ ಉಸಿರಾಡುತ್ತಿದ್ದ. ಯುವ ಪೊಲೀಸಮ್ಮ ಗಫೂರನ ಎದುರು ಕುಕ್ಕುರುಗಾಲಲ್ಲಿ ಕೂತು, ಇವನಿಗೆ ಹೊಡೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗಫೂರ್ ರಕ್ತ ಮೆತ್ತಿದ ಹೆಲ್ಮೆಟ್ಟನ್ನು ಎದೆಗವಚಿಕೊಂಡು, ನಾನೇ ಎಂದ. ಜನ ಬೇರೆಯೇ ಹೇಳುತ್ತಿದ್ದಾರಲ್ಲ ಎಂದಳು ಅವಳು. ಜನರಿಗೇನು ಗೊತ್ತು, ನಾನೇ, ನನ್ನ ಹೆಂಡತಿ ಬಿಡಿಸಲು ಬಂದದ್ದು ಎಂದ. ಜೀವನವಿಡೀ ಒಂದು ಸುಳ್ಳು ನೆಟ್ಟಗೆ ಹೇಳಲು ಬಾರದವನು ಆ ದಿನ ಲೀಲಾಜಾಲವಾಗಿ ಹೇಳಿದ. ಫಹ್ಮಿದಾ ತಲೆ ತಗ್ಗಿಸಿ ಕೂತಳು. ಜೈಲಿನ ಭಯ ಅವಳಿಗೂ ಇತ್ತು.

ಪೊಲೀಸಮ್ಮ ಅವನ ಮುಖವನ್ನೇ ನೋಡಿದಳು. ಸರಿ, ಯಾರಿಗೆ ಹೊಡೆದಿರಿ, ತೋರಿಸಿ ಎಂದಳು.

ಗಫೂರ್ ಧೈರ್ಯವಾಗಿ ಕೈ ಎತ್ತಿದ. ಎಡಕ್ಕೆ ಬೆರಳು ಮಾಡಿ, ಇವನಿಗೇ ಎಂದ.

ಅಲ್ಲಿ ಯಾರೂ ಇರಲಿಲ್ಲ. ಕಾಲುವೆಯ ನೀರಿತ್ತು, ಎರಡು ಬಾತುಕೋಳಿಗಳಿದ್ದವು. ಅವನ ಬೆರಳು ಅಲ್ಲೇ ನಿಂತಿತ್ತು, ಮುಖದ ಮೇಲೆ ಒಪ್ಪಿಸಿಬಿಟ್ಟೆ ಎಂಬ ಸಮಾಧಾನವಿತ್ತು.

ಫಹ್ಮಿದಾ ಆ ಬೆರಳನ್ನು ನೋಡಿದಳು, ಅದು ತೋರಿಸುತ್ತಿದ್ದ ನೀರನ್ನು ನೋಡಿದಳು. ಹೆಲ್ಮೆಟ್ ಕಸಿದು ಆ ಮನುಷ್ಯನನ್ನು ಮುಗಿಸಿಬಿಡಬೇಕು ಎನ್ನಿಸಿತು, ನಿಜವಾಗಿ ಎನ್ನಿಸಿತು, ತೋಳು ಬಿಗಿಯಾಯಿತು. ಆ ತೋಳಿನಿಂದಲೇ ಗಂಡನ ಎತ್ತಿದ ಕೈಯನ್ನು ಹಿಡಿದಳು. ಮೆಲ್ಲಗೆ ತಿರುಗಿಸಿ, ಅವನ ಬೆರಳನ್ನು ತನ್ನ ಎದೆಗೆ ಒತ್ತಿಕೊಂಡಳು.

"ಇವರಿಗೆ ಕಣ್ಣು ಕಾಣಿಸ್ತಿಲ್ಲ," ಎಂದಳು ಪೊಲೀಸಮ್ಮನಿಗೆ, ಬರುವಷ್ಟು ಇಂಗ್ಲಿಷಿನಲ್ಲಿ. "ಹೊಡೆದದ್ದು ನಾನು. ಮೊದಲು ಇವರನ್ನ ಆಸ್ಪತ್ರೆಗೆ ಕರಕೊಂಡು ಹೋಗಿ, ಆಮೇಲೆ ನನ್ನನ್ನ ಎಲ್ಲಿಗೆ ಬೇಕೋ ಅಲ್ಲಿಗೆ."

ಗಫೂರ್ ಏನೋ ಹೇಳಹೊರಟ. ಬೆರಳಿನ ತುದಿಗೆ ಅವಳ ಎದೆ ಬಡಿತ ತಗುಲಿತು. ಎದೆಗವಚಿದ್ದ ಹೆಲ್ಮೆಟ್ಟನ್ನು ತಡಕಾಡಿ ಅವಳ ಮಡಿಲಿಗಿಟ್ಟ.