ಹೇರುಗುದುರೆ ಸಂಘದ ಕಂಬಳಿ

ಹುನಗುಂದದ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಕುದುರೆ ಸಂಘದ ಕಚೇರಿಯಾಗಿತ್ತು. ಕುದುರೆ ಸಂಘ ಎಂದಕೂಡಲೆ ಜನ ರೇಸು, ಮದುವೆ ಮೆರವಣಿಗೆ ಎಂದುಕೊಳ್ಳುತ್ತಾರೆ. ನಮ್ಮವು ಹೇರು ಹೊರುವ ಗಿಡ್ಡ ದಖ್ಖನಿ ಕುದುರೆಗಳು. ಕುರಿಹಿಂಡಿನ ಜೊತೆ ಊರೂರು ತಿರುಗುವಾಗ ಬಲೆ, ಗೂಟ, ಹಿಟ್ಟಿನ ಚೀಲ, ಪಾತ್ರೆ, ನಡೆಯಲಾರದ ಕುರಿಮರಿ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ, ಎಲ್ಲವೂ ಅವುಗಳ ಬೆನ್ನಿನ ಮೇಲೆ. ಅವುಗಳ ಮೇಲೆ ಯಾರಾದರೂ ಸವಾರಿ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಆ ಕೋಣೆಯಲ್ಲಿ ಒಂದು ಮೇಜು ಇತ್ತು. ಯಾರೂ ಅದರ ಹಿಂದೆ ಕೂಡುತ್ತಿರಲಿಲ್ಲ. ಗೋಡೆಯ ಬದಿಗೆ ಕರಿಯ ಕಂಬಳಿ ಹಾಸಿರುತ್ತಿತ್ತು. ಅದರ ಮೇಲೆ ನನ್ನ ದೊಡ್ಡಪ್ಪ. ಸಂಘ ಹುಟ್ಟಿದಾಗಿನಿಂದ ಅವನೇ ಅಧ್ಯಕ್ಷ. ನಾವು ಬೀರಪ್ಪನ ಒಕ್ಕಲು. ಕಂಬಳಿಯ ಮೇಲೆ ಕೂತು ಸುಳ್ಳಾಡಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಯಾರೂ ಕಲಿಸದೆ ಬಂದ ಮಾತು. ಸಂಘದಲ್ಲಿಯೂ ಅದೇ ಪದ್ಧತಿ. ಕುದುರೆಯ ಕಾಲು ಕುಂಟೋ ಅಲ್ಲವೋ, ಮರಿ ಯಾವ ಗಂಡಿನದು ಎಂಬ ತಕರಾರು ಬಂದರೆ ದೊಡ್ಡಪ್ಪ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದ. ಹೇಳಬೇಕಾದವರು ಚಪ್ಪಲಿ ಬಿಟ್ಟು, ಹಣೆಗೆ ಚಿಟಿಕೆ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದು ಅವನ ಪಕ್ಕ ಕೂಡುತ್ತಿದ್ದರು. ಆಮೇಲೆ ತಕರಾರು ಬಹಳ ಹೊತ್ತು ಉಳಿಯುತ್ತಿರಲಿಲ್ಲ.

ಆ ಕಂಬಳಿ ಚುಚ್ಚುತ್ತದೆ. ಮೆತ್ತಗಿನದು ಯಾಕಿಲ್ಲ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

"ಮೆತ್ತಗಿದ್ರ ಏಳಾಕ ಮನಸ್ಸಾಗಂಗಿಲ್ಲವಾ," ಎಂದಿದ್ದ ದೊಡ್ಡಪ್ಪ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅದೇ ಊರಿನ ವಿದ್ಯಾಗಿರಿಯಲ್ಲಿ ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹುನಗುಂದಕ್ಕೆ ಹೋಗಿ ಸಂಘದ ಟೈಪಿಂಗ್ ಮಾಡಿಕೊಟ್ಟು, ಅಲ್ಲಿಂದ ಊರಿಗೆ ಹೋಗುವುದು ರೂಢಿ. ಕಾಲೇಜಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದಲ್ಲ. ಹೇಳಿದರೆ ಪ್ರಶ್ನೆಗಳು ಬರುತ್ತವೆ, ಉತ್ತರ ಕೊಡುವಾಗ ನನ್ನದು ಎನ್ನುವುದು ಸ್ವಲ್ಪ ಸವೆಯುತ್ತದೆ.

ಕಳೆದ ವರ್ಷ ಮೇಲಿನಿಂದ, ಪಶುಸಂಗೋಪನೆ ಇಲಾಖೆಯಿಂದ, ಒಂದು ಪತ್ರ ಬಂತು. ದಖ್ಖನಿ ತಳಿಗೆ ಲಕ್ಷಣ ನಿಗದಿ ಮಾಡುತ್ತಿದ್ದಾರೆ, ಸಂಘಗಳು ತಮ್ಮ ಅಭಿಪ್ರಾಯ ಕಳಿಸಬೇಕು. ಕರಡಿನಲ್ಲಿ ಒಂದು ಎತ್ತರವನ್ನು ಬರೆದಿದ್ದರು. ಅದಕ್ಕಿಂತ ಗಿಡ್ಡ ಇದ್ದದ್ದು ತಳಿಯ ಲೆಕ್ಕಕ್ಕೆ ಬರುವುದಿಲ್ಲ. ತಳಿಯ ಲೆಕ್ಕಕ್ಕೆ ಬಾರದ ಕುದುರೆಗೆ ಒಳ್ಳೆಯ ಗಂಡು ಸಿಗುವುದಿಲ್ಲ, ದನದ ದವಾಖಾನೆಯ ಶಿಬಿರದಲ್ಲಿ ಸರದಿ ಸಿಗುವುದಿಲ್ಲ, ಅದರ ಮರಿಯನ್ನು ಯಾರೂ ಕೇಳುವುದಿಲ್ಲ. ನಮ್ಮ ಹೇರುಗುದುರೆಗಳಲ್ಲಿ ಹೆಚ್ಚಿನವು ಆ ಗೆರೆಯ ಕೆಳಗೇ ನಿಲ್ಲುತ್ತಿದ್ದವು. ದೊಡ್ಡಪ್ಪನ ಕಂದು ಹೆಣ್ಣುಗುದುರೆಯೂ ಅಷ್ಟೆ. ಅದನ್ನು ಅಳೆದವಳು ನಾನೇ. ಅಳೆದ ಕೋಲನ್ನು ಗೋಡೆಗೆ ಆನಿಸಿಟ್ಟೆ. ದೊಡ್ಡಪ್ಪ ಕುದುರೆಗೆ ನೀರು ಕುಡಿಸಲು ಹೋದ.

ಅದೇ ಹೊತ್ತಿಗೆ ನೋಂದಣಿ ಕಚೇರಿಯವರು ತಕರಾರು ತೆಗೆದರು. ಇಷ್ಟು ವರ್ಷ ಒಬ್ಬರೇ ಅಧ್ಯಕ್ಷರಿರುವಂತಿಲ್ಲ, ಚುನಾವಣೆ ಆಗಲೇಬೇಕು. ಬಾದಾಮಿ ಕಡೆಯ ಒಬ್ಬರು ನಿಂತರು. ಶಿವಯೋಗ ಮಂದಿರದ ಹಾದಿಯಲ್ಲಿ, ಮಲಪ್ರಭೆಯ ದಂಡೆಗೆ ಅವರ ತೋಟ. ಎತ್ತರದ ಕುದುರೆಗಳನ್ನು ಸಾಕಿ ಮದುವೆಗಳಿಗೆ, ಪ್ರದರ್ಶನಗಳಿಗೆ ಕಳಿಸುತ್ತಾರೆ. ಎಲ್ಲರೂ ಅವರನ್ನು ಸಾವಕಾರ ಎನ್ನುತ್ತಾರೆ. ಅಧಿಕಾರಿಗಳ ಜೊತೆ ಅವರು ಮಾತಾಡಬಲ್ಲರು. ಸಂಘವನ್ನು ಬಾಗಲಕೋಟೆಗೆ ತರುತ್ತೇನೆ, ಕಂಪ್ಯೂಟರ್ ಹಾಕಿಸುತ್ತೇನೆ, ಗಿಡ್ಡ ಕುದುರೆಗಳನ್ನೂ ತಳಿಯಲ್ಲಿ ಉಳಿಸುತ್ತೇನೆ ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಧ್ವನಿಸಂದೇಶ ಕಳಿಸುತ್ತಿದ್ದರು. ದೊಡ್ಡಪ್ಪನೂ ಕಳಿಸುತ್ತಿದ್ದ. ಅವನದು ಒಂದೇ ಮಾತು: "ನಾ ಇರೂತನಕ ಯಾರೂ ಏನೂ ಮಾಡಂಗಿಲ್ಲ."

ಬೆಳಗಿನ ಜಾವ ಫೋನು ಗುಂಯ್ ಎನ್ನಲು ಶುರುವಾಗುತ್ತಿತ್ತು. ಕುರಿ ಬಿಡುವ ಹೊತ್ತಿಗೆ ಎಲ್ಲರಿಗೂ ಸಿಟ್ಟು ಬರುತ್ತದೆ ಅನಿಸುತ್ತದೆ.

"ಸಾವಕಾರ್ರ ಕುದರಿ ಮದಿವ್ಯಾಗ ಕುಣೀತೈತಿ, ನಮ್ಮ ಕುದರಿ ಸಂಸಾರ ಮಾಡತೈತಿ!"

"ಮಾಡ್ಲಿ ಬಿಡೋ, ನಿನ್ನಕಿಂತ ಚಲೋನ ಮಾಡತೈತಿ."

ನಾನು ಎಲ್ಲವನ್ನೂ ಕೇಳುತ್ತಿದ್ದೆ, ಯಾವುದಕ್ಕೂ ಉತ್ತರಿಸುತ್ತಿರಲಿಲ್ಲ. ಪಾಠ ಮಾಡುವಾಗ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಕಿಟಕಿಯ ಕಡೆ ನೋಡುವುದು ಆಗಲೇ ಶುರುವಾಗಿದ್ದು. ನನಗೆ ಇಬ್ಬರ ಮೇಲೂ ನಂಬಿಕೆ ಬರುತ್ತಿರಲಿಲ್ಲ. ಅಲ್ಲದೆ ತಳಿ ಎಂದ ಮೇಲೆ ಒಂದು ಗೆರೆ ಇರಬೇಕು ಎಂದು ಓದಿ ಪರೀಕ್ಷೆಯಲ್ಲಿ ಬರೆದವಳು ನಾನು. ಆ ಗೆರೆಯ ಕೆಳಗೆ ನಮ್ಮ ಕಂದು ಕುದುರೆ ನಿಂತಿರುತ್ತದೆ ಎಂದು ಆಗ ಯಾರು ಕಂಡಿದ್ದರು?

ಚುನಾವಣೆಯ ಸಭೆ ವಿದ್ಯಾಗಿರಿಯ ಒಂದು ಸಭಾಂಗಣದಲ್ಲಿ ನಿಗದಿಯಾಯಿತು. ವ್ಯವಸ್ಥೆ ನನ್ನ ಮೇಲೆ ಬಿತ್ತು. ದೊಡ್ಡಪ್ಪ ಫೋನು ಮಾಡಿದ.

"ಎಲ್ಲಾರಿಗೂ ಕುರ್ಚಿ ಹಾಕಸು."

"ಕಂಬಳಿ?"

"ಬ್ಯಾಡ. ನಾ ಕಂಬಳಿ ಮ್ಯಾಲ ಕುಂತ್ರ ಯಾರೂ ಎದುರು ಮಾತಾಡಂಗಿಲ್ಲ. ಆಮ್ಯಾಲ ದೊಡ್ಡಪ್ಪ ಮೋಸದಿಂದ ಗೆದ್ದ ಅಂತಾರ."

ನಾನು ಸಾಲಾಗಿ ಕುರ್ಚಿ ಹಾಕಿಸಿದೆ. ಬಂದವರು ಒಬ್ಬರ ಬೆನ್ನು ಒಬ್ಬರು ನೋಡುತ್ತ ಸ್ವಲ್ಪ ಹೊತ್ತು ಕೂತರು, ಆಮೇಲೆ ಎದ್ದು ಕುರ್ಚಿಗಳನ್ನು ದರದರ ಎಳೆದು ದುಂಡಗೆ ಮಾಡಿಕೊಂಡರು. ದೊಡ್ಡಪ್ಪ ಬೇಡ ಎಂದಿದ್ದ ಕಂಬಳಿಯನ್ನು ತಾನೇ ಬಗಲಲ್ಲಿ ಸುತ್ತಿಕೊಂಡು ಬಂದಿದ್ದ. ಅದಿಲ್ಲದೆ ಮನೆಯಿಂದ ಹೊರಗೆ ಬಂದು ರೂಢಿಯಿಲ್ಲ. ಅದನ್ನು ಕುರ್ಚಿಯ ಕೆಳಗೆ ತಳ್ಳಿದ.

ಕುರ್ಚಿಯ ಮೇಲೆ ಜನ ಚೆನ್ನಾಗಿ ಮಾತಾಡಿದರು. ಹುನಗುಂದದ ಕೋಣೆಯಲ್ಲಿ ತಲೆ ತಗ್ಗಿಸುತ್ತಿದ್ದ ತರುಣರು ಕಾಲ ಮೇಲೆ ಕಾಲು ಹಾಕಿ, ದೊಡ್ಡಪ್ಪನಿಗೆ ವಯಸ್ಸಾಯಿತು, ಪತ್ರಕ್ಕೆ ಉತ್ತರ ಹೋಗುವುದಿಲ್ಲ, ಎಂದರು. ನಿಜವೇ ಇತ್ತು. ಆದರೂ ನನ್ನ ಕಿವಿ ಬಿಸಿಯಾಯಿತು. ಸಾವಕಾರರು ಎದ್ದು ನಿಂತು ಮೊದಲಿನ ಮಾತನ್ನೇ ಹೇಳಿದರು.

"ಒಂದ ಒಂದು ಸಣ್ಣ ಕುದರೀನೂ ತಳಿ ಬಿಟ್ಟು ಹೊರಗ ಹೋಗಂಗಿಲ್ಲ. ನನ್ನ ಗ್ಯಾರಂಟಿ."

ಚಪ್ಪಾಳೆ ಬಿತ್ತು. ಆಗ ಇಳಕಲ್ ಕಡೆಯ ಆಯಿ ಬಾಯಿ ತೆಗೆದಳು. ಗಂಡ ತೀರಿದ ಮೇಲೂ ಮಗನ ಜೊತೆ ಹಿಂಡು ತಿರುಗಿಸುವವಳು, ಸಂಘದಲ್ಲಿ ಹಳಬಳು.

"ಆ ಮಾತು ಕಂಬಳಿ ಮ್ಯಾಲ ಕುಂತು ಹೇಳ್ರಿ ಸಾವಕಾರ್ರ."

"ಆಯಿ, ಈಗ ಅವೆಲ್ಲ ಯಾಕ?"

"ಯಾಕ ಅಂದ್ರ? ನಿಮ್ಮಜ್ಜ ನಮ್ಮ ಮಾವನ ಸಂಗಾಟ ಕುರಿ ಕಾದಾಂವ. ನಿಮಗ ಗೊತ್ತಿಲ್ಲೇನು?"

ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಾಗಿದ್ದರೆ ನಕ್ಕು ಬಂದು ಕೂತು ಹೇಳಿಬಿಡುತ್ತಿದ್ದರು. ಅವರು ಮೊದಲು ದೊಡ್ಡಪ್ಪನ ಕುರ್ಚಿಯ ಕೆಳಗೆ ನೋಡಿದರು, ಆಮೇಲೆ ತಮ್ಮ ಬೂಟಿನ ಕಡೆ. ದೊಡ್ಡಪ್ಪ ಬಗ್ಗಿ ಕಂಬಳಿ ಎಳೆದು ನಡುವೆ ಹಾಸಿದ. ಆಯಿ ಸೊಂಟದ ಚೀಲದಿಂದ ಭಂಡಾರ ತೆಗೆದಳು. ಸಾವಕಾರರು ಬೂಟಿನ ಲೇಸು ಬಿಚ್ಚಲು ತೆಗೆದುಕೊಂಡ ಹೊತ್ತು ಬಹಳ ದೊಡ್ಡದೆನಿಸಿತು. ಹಣೆಗೆ ಭಂಡಾರ ಹಚ್ಚಿಕೊಂಡು ಕೂತರು.

"ಎತ್ತರದ ನಿಯಮ ಬರತೈತಿ," ಎಂದರು ಕಡೆಗೆ. ದನಿ ಬೇರೆಯಾಗಿತ್ತು. "ಅದನ್ನ ಪೂರ್ತಿ ತಡಿಯೂದು ನನ್ನ ಕೈಯಾಗಿಲ್ಲ. ನನ್ನ ಕುದರಿಗೆ ಅದರಿಂದ ಫಾಯದಾ ಐತಿ, ಖರೆ. ಆದ್ರ ನಿಮ್ಮವು ಹ್ವಾದ್ರ ಸಂಘದಾಗ ಉಳಿಯೂದು ನಾ ಒಬ್ಬಾಂವ. ಅದೂ ನನಗ ಬ್ಯಾಡ. ಮಾತಾಡಿ ನೋಡತೇನಿ. ಇಷ್ಟ."

ಈ ಸಲ ಚಪ್ಪಾಳೆ ಇಲ್ಲ. ಆಯಿ ದೊಡ್ಡಪ್ಪನ ಕಡೆ ತಿರುಗಿದಳು.

"ನೀನೂ ಬಾರಪಾ. ಅವರಿಗೊಂದು, ನಿನಗೊಂದು ಏನು?"

ದೊಡ್ಡಪ್ಪ ಇಷ್ಟು ವರ್ಷ ಕೂತ ಆ ಕಂಬಳಿಯ ಮೇಲೆಯೇ ಬಂದು ಕೂತ. ಆದರೆ ಇವತ್ತು ಅವನು ಪಕ್ಕಕ್ಕೆ ಸರಿದು ಜಾಗ ಕೊಡುವವನಲ್ಲ, ಹೇಳಬೇಕಾದವನು.

"ನೀ ಉಳದ್ರ ಆ ನಿಯಮ ನಿಲ್ಲಸ್ತೀಯೇನು?" ಎಂದಳು ಆಯಿ.

ಅವನು ಕಂಬಳಿಯ ಅಂಚನ್ನು ಬೆರಳಿಂದ ನೇವರಿಸಿದ. ಅವನ ಧ್ವನಿಸಂದೇಶಗಳು ಎಲ್ಲರ ಫೋನಿನಲ್ಲೂ ಇದ್ದವು. "ಇಲ್ಲವಾ," ಎಂದ. "ಅವರ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಅವರಿಗೆ ತಿಳಿಯಂಗಿಲ್ಲ. ನನ್ನಿಂದ ಆಗಂಗಿಲ್ಲ." ಆಮೇಲೆ, "ಆದ್ರೂ ಬಿಡಾಕ ಮನಸ್ಸಿಲ್ಲ ನೋಡು," ಎಂದ.

ಎಲ್ಲರೂ ನಕ್ಕರು. ಅವನೂ ನಕ್ಕ. ನನಗೆ ನಗು ಬರಲಿಲ್ಲ. ಚೀಟಿ ಎಣಿಸಿದವಳು ನಾನೇ. ಸಾವಕಾರರು ಗೆದ್ದರು. ದೊಡ್ಡಪ್ಪ ಅವರ ಹೆಗಲು ತಟ್ಟಿ, ಕಂಬಳಿ ಕೊಡವಿ ಮಡಚಿದ.

"ಅದನ್ನ ಇಲ್ಲೇ ಬಿಡ್ರೆಲಾ ಕಾಕಾ," ಎಂದರು ಸಾವಕಾರರು.

"ಇದು ಸಂಘದ್ದಲ್ಲ ತಮ್ಮಾ, ಮನೀದು." ಬಗಲಲ್ಲಿ ಇಟ್ಟುಕೊಂಡು ಹುನಗುಂದದ ಬಸ್ಸು ಹಿಡಿಯಲು ಹೊರಟುಹೋದ.

ಮುಂದಿನ ವಾರ ಸಂಘ ವಿದ್ಯಾಗಿರಿಗೆ ಬಂತು. ಕಂಪ್ಯೂಟರ್, ಗಾಜಿನ ಬಾಗಿಲು, ನೀಲಿ ಕುರ್ಚಿಗಳು. ನನ್ನ ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರ. ಸಾವಕಾರರು ನನ್ನನ್ನು ಕಾರ್ಯದರ್ಶಿಯಾಗು ಎಂದು ಕೇಳಿದರು. ಎತ್ತರದ ಬಗ್ಗೆ ಅಭಿಪ್ರಾಯ ಬರೆಯಬೇಕಾದವರು ಕಾರ್ಯದರ್ಶಿಯೇ, ಬರುವ ಸಭೆಯಲ್ಲಿ ಅದು ತೀರ್ಮಾನವಾಗಬೇಕು. ವಿಚಾರ ಮಾಡಿ ಹೇಳುತ್ತೇನೆ ಎಂದೆ. ಕಾಲೇಜಿನ ಕೆಲಸ ಬಹಳ ಇದೆ, ಎಂದೂ ಅಂದೆ. ನೀಲಿ ಕುರ್ಚಿಯ ಮೇಲೆ ಕೂತು ಹೇಳಿದ ಮಾತು ಅದು. ಬಹಳ ಸಲೀಸಾಗಿ ಬಂತು.

ಆ ವಾರ ನನಗೆ ಒಂದು ಕಡೆ ಕೂಡಲಾಗಲಿಲ್ಲ. ಮಾಳಿಗೆಗೆ ಹೋಗುತ್ತಿದ್ದೆ, ಇಳಿಯುತ್ತಿದ್ದೆ. ಅಭಿಪ್ರಾಯದ ಮೊದಲ ವಾಕ್ಯ ಬರೆದು ಅಳಿಸುತ್ತಿದ್ದೆ. ಎತ್ತರ ಬೇಡ ಎಂದಷ್ಟೇ ಬರೆದರೆ ಓದಿದವರು ಪಕ್ಕಕ್ಕಿಡುತ್ತಾರೆ. ಬೇಕು ಎಂದರೆ ಕಂದು ಕುದುರೆ ಹೋಗುತ್ತದೆ. ಇನ್ನೂ ಒಂದು ವಿಷಯ ಕಾಡುತ್ತಿತ್ತು. ಆ ನೀಲಿ ಕುರ್ಚಿಗಳ ಮೇಲೆ ಜನ ಏನು ಬೇಕಾದರೂ ಹೇಳುತ್ತಾರೆ, ಅದನ್ನು ನಾನು ಟೈಪ್ ಮಾಡುತ್ತೇನೆ.

ಶನಿವಾರ ಊರಿಗೆ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲಿದ್ದ. ಪಕ್ಕದಲ್ಲಿ ಕಂಬಳಿಯನ್ನು ಬಿಸಿಲಿಗೆ ಹರಡಿದ್ದ. ಕಂದು ಕುದುರೆ ಬೇವಿನ ನೆರಳಿಗೆ ನಿಂತು ಬಾಲ ಬೀಸುತ್ತಿತ್ತು.

"ದೊಡ್ಡಪ್ಪಾ, ಕಂಬಳಿ ಬೇಕಾಗಿತ್ತು. ಸಭೆಗೆ."

"ಯಾರು ಕಳಿಸಿದ್ರು?"

"ಯಾರೂ ಇಲ್ಲ. ನಾನ ಬಂದೇನಿ."

"ಹಂಗಾರ ಕುಂತು ಕೇಳು."

ಚಪ್ಪಲಿ ಬಿಟ್ಟು ಕೂತೆ. ಬಿಸಿಲು ಕುಡಿದ ಉಣ್ಣೆ ಬೆಚ್ಚಗಿತ್ತು, ಚೂಡಿದಾರದ ಮೂಲಕವೂ ಚುಚ್ಚುತ್ತಿತ್ತು. ಅವನು ಕಟ್ಟೆಯ ಅಂಚಿಗೆ ಸರಿದ. ಒಳಗಿನಿಂದ ದೊಡ್ಡವ್ವ, "ಚಾ ಮಾಡ್ಲ್ಯಾ?" ಎಂದಳು.

"ಕಾರ್ಯದರ್ಶಿ ಆಗಾಕ ನಿನಗ ಮನಸ್ಸೈತೇನು?"

ಕೆಲಸ ಬಹಳ, ಎನ್ನುವುದು ನಾಲಿಗೆಯ ತುದಿಗೆ ಬಂತು, ಅಲ್ಲಿಯೇ ನಿಂತಿತು.

"ಐತಿ," ಎಂದೆ. "ಭಾಳ ಐತಿ. ನೀ ಸೋತ ದಿನಾನೂ ಇತ್ತು."

ಅವನು ಕುದುರೆಯ ಕಡೆ ನೋಡುತ್ತಿದ್ದ. "ಅದರದು ಏನು ಬರೀತಿ?"

"ಗೆರಿ ಇರಲಿ ಅಂತ ಬರೀತೇನಿ. ಗೆರಿ ಇಲ್ಲದ ತಳಿ ಆಗಂಗಿಲ್ಲ. ಆದ್ರ ಬರೇ ಎತ್ತರದಿಂದ ಬ್ಯಾಡ. ಹೇರು ಹೊತ್ತು ಹಿಂಡಿನ ಸಂಗಾಟ ತಿರಗೂ ಕುದರಿ ಗಿಡ್ಡ ಇದ್ರೂ ತಳೀನ ಅಂತ. ಅವರು ಒಪ್ತಾರೋ ಇಲ್ಲೋ, ನನಗ ಗೊತ್ತಿಲ್ಲ."

"ಒಪ್ಪದಿದ್ರ?"

"ಮತ್ತ ಬರೀತೇನಿ."

"ಆಮ್ಯಾಲೂ ಒಪ್ಪದಿದ್ರ?"

"ಗೊತ್ತಿಲ್ಲ ದೊಡ್ಡಪ್ಪಾ."

ಅವನು ಎದ್ದು ಕುದುರೆಯ ಹಗ್ಗ ಬಿಚ್ಚಿದ. ನೀರಿನ ಕಡೆ ನಡೆಯುತ್ತ, ತಿರುಗದೆ ಹೇಳಿದ.

"ಮಡಚಿಕೊಂಡು ಹೋಗು. ತೊಯಿಸಬ್ಯಾಡ. ಮತ್ತ ಏಳೂ ಹೊತ್ತು ಬಂದ್ರ ಏಳು. ನನ್ನಂಗ ಮಾಡಬ್ಯಾಡ."

ಹುನಗುಂದದಿಂದ ಬಾಗಲಕೋಟೆಯ ಬಸ್ಸು ತುಂಬಿತ್ತು. ಕಂಬಳಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಸೀಟಿನಲ್ಲಿದ್ದ ಒಬ್ಬ ಹೆಂಗಸು ಅದರ ಅಂಚು ಮುಟ್ಟಿ ನೋಡಿದಳು.

"ಮಾರಾಕೇನವಾ?"

"ಅಲ್ರಿ."

"ಮತ್ತ ಹಾಸಿಗಿಗೇನು?"

"ಕುಂದ್ರಾಕ."

ನಿಂತವಳನ್ನು ಮೇಲಿಂದ ಕೆಳಗೆ ನೋಡಿ ಅವಳು ನಕ್ಕಳು.

ಸಭೆಯಲ್ಲಿ ಅದನ್ನು ನೀಲಿ ಕುರ್ಚಿಗಳ ನಡುವೆ ನಾನೇ ಹಾಸಿದೆ. ಸಾವಕಾರರು ಆ ದಿನ ಚಪ್ಪಲಿ ಹಾಕಿಕೊಂಡು ಬಂದಿದ್ದರು, ಲೇಸು ಬಿಚ್ಚುವ ತೊಂದರೆ ಇರಲಿಲ್ಲ. ಕಾರ್ಯದರ್ಶಿಯಾಗಿ ಮೊದಲು ಕೂತದ್ದು ನಾನು. ಬರೆದದ್ದನ್ನು ಓದಿದೆ. ಇಷ್ಟು ಜನರ ಎದುರು ನನ್ನದೆಂದು ಏನನ್ನೂ ನಾನು ಹೇಳಿದವಳಲ್ಲ. ಆಯಿ ಎರಡು ಕಡೆ ತಡೆದು ಅರ್ಥ ಕೇಳಿದಳು, ಒಂದು ಕಡೆ ಬದಲಿಸಿದೆ. ಸಾವಕಾರರು ನನ್ನ ಪಕ್ಕ ಬಂದು ಕೂತು, ಇದನ್ನು ತಾವೇ ತೆಗೆದುಕೊಂಡು ಹೋಗಿ ಕೊಡುವುದಾಗಿ ಹೇಳಿದರು. ಕೊಟ್ಟೂ ಬಂದರು.

ಉತ್ತರ ಇನ್ನೂ ಬಂದಿಲ್ಲ. ಫೋನು ಗುಂಯ್ ಎಂದಾಗಲೆಲ್ಲ ಎದ್ದು ನೋಡುತ್ತೇನೆ. ಕಂಬಳಿ ಗಾಜಿನ ಬಾಗಿಲಿನ ಒಳಗೆ ಹಾಸಿಯೇ ಇದೆ. ಸಂಜೆ ಕಾಲೇಜು ಮುಗಿಸಿ ಬಂದು ಅದರ ಮೇಲೆ ಕೂತು ಕೆಲಸ ಮಾಡುತ್ತೇನೆ. ಬಹಳ ಹೊತ್ತು ಆಗುವುದಿಲ್ಲ, ಚುಚ್ಚುತ್ತದೆ. ಏಳುತ್ತೇನೆ, ಸ್ವಲ್ಪ ಅಡ್ಡಾಡುತ್ತೇನೆ, ಮತ್ತೆ ಬಂದು ಕೂಡುತ್ತೇನೆ.